ಕರುನಾಗಪ್ಪಳ್ಳಿಯ ಮರಳು: ವಿಕಿರಣ ಎಷ್ಟು, ಕ್ಯಾನ್ಸರ್ ಎಷ್ಟು

ಅಣುವಿದ್ಯುತ್ತಿನ ಪರ ವಾದಿಸುವವರಿಗೆ ಕೇರಳದ ಕರುನಾಗಪ್ಪಳ್ಳಿ ಅಂದರೆ ಬಲು ಪ್ರೀತಿ. ‘ಅಲ್ಲಿನ ಜನ ತಲೆತಲಾಂತರದಿಂದ ವಿಕಿರಣ ಸೂಸುವ ಮರಳಿನ ಮೇಲೇ ಮನೆ ಕಟ್ಟಿಕೊಂಡಿದ್ದಾರೆ, ಕ್ಯಾನ್ಸರೇನೂ ಹೆಚ್ಚಿಲ್ಲ, ಇನ್ನೇನು ಸಾಕ್ಷಿ ಬೇಕು’ ಎನ್ನುತ್ತಾರೆ. ವಿರೋಧಿಸುವವರೂ ಅದೇ ಊರಿನ ಹೆಸರು ಎತ್ತಿ, ಮನೆಮನೆಯಲ್ಲೂ ಕ್ಯಾನ್ಸರ್ ಎಂದು ಬರೆಯುತ್ತಾರೆ. ಎರಡನೆಯ ಮಾತಿಗೆ ಆಧಾರವಿಲ್ಲ. ಮೊದಲನೆಯದಕ್ಕೆ ಆಧಾರವಿದೆ, ಆದರೆ ಅದನ್ನು ಎಳೆದಷ್ಟು ದೂರ ಅದು ಬರುವುದಿಲ್ಲ. ಎಲ್ಲಿಯವರೆಗೆ ಬರುತ್ತದೆ ಎನ್ನುವುದಕ್ಕೆ ಲೆಕ್ಕ ಹಾಕಿಯೇ ನೋಡಬೇಕು. ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ.

ಮೊದಲು ಮರಳು. ಕೊಲ್ಲಂ ಜಿಲ್ಲೆಯ ನೀಂಡಕರದಿಂದ ಕಾಯಂಕುಳದ ಕಡೆಗೆ ಸುಮಾರು 22 ಕಿಲೋಮೀಟರ್ ಉದ್ದದ ಪಟ್ಟಿ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಹಿನ್ನೀರು. ಪಶ್ಚಿಮ ಘಟ್ಟದ ಬಂಡೆಗಳು ಸವೆದು ನದಿಗಳಲ್ಲಿ ಹರಿದು ಬಂದು ಇಲ್ಲಿ ಸೇರುತ್ತವೆ. ಸಾಮಾನ್ಯ ಮರಳಿನ ಸಾಂದ್ರತೆ 2.65, ವಿಕಿರಣ ಸೂಸುವ ಥೋರಿಯಂ ಲೋಹ ಇರುವ ಮೊನಜೈಟ್ ಎಂಬ ಖನಿಜದ್ದು 5ರ ಆಸುಪಾಸು. ಅಲೆಗಳು ಮೊರದಲ್ಲಿ ಕೇರಿದ ಹಾಗೆ ಹಗುರ ಮರಳನ್ನು ಎಳೆದುಕೊಂಡು ಹೋಗುತ್ತವೆ. ಭಾರದ ಖನಿಜಗಳಾದ ಇಲ್ಮನೈಟ್, ರೂಟೈಲ್, ಜಿರ್ಕಾನ್, ಮೊನಜೈಟ್ ದಡದಲ್ಲೇ ಉಳಿಯುತ್ತವೆ. ಮರಳು ಕಪ್ಪಗೆ ಕಾಣುವುದು ಇಲ್ಮನೈಟಿನಿಂದ. ವಿಕಿರಣ ಬರುವುದು ಹಳದಿ-ಕಂದು ಬಣ್ಣದ ಮೊನಜೈಟ್ ಕಾಳುಗಳಿಂದ. ಎರಡೂ ಒಟ್ಟಿಗೇ ಕೂಡುವುದರಿಂದ ‘ಕಪ್ಪು ಮರಳು ಅಂದರೆ ವಿಕಿರಣ’ ಎಂಬ ಮಾತು ಹುಟ್ಟಿಕೊಂಡಿದೆ. ಕಪ್ಪಗಿದ್ದೂ ಮೊನಜೈಟ್ ಇಲ್ಲದ ಮರಳು ಬೇಕಾದಷ್ಟಿದೆ. ಈ ಸಂಪತ್ತು ಬೆಳಕಿಗೆ ಬಂದದ್ದೂ ಅಚ್ಚರಿಯ ರೀತಿಯಲ್ಲಿ: 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನತಜ್ಞ, ತಿರುವಾಂಕೂರಿನಿಂದ ಹೋಗಿದ್ದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟನ್ನು ಗುರುತಿಸಿದ. ಆಗ ಥೋರಿಯಂ ಬೇಕಿದ್ದದ್ದು ಗ್ಯಾಸ್ ದೀಪದ ಮ್ಯಾಂಟಲ್‌ಗೆ.

ಈಗ ಒಂದು ಕಿಲೋ ಮರಳನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಶೇ. 1ರಷ್ಟು, ಅಂದರೆ 10 ಗ್ರಾಂ ಮೊನಜೈಟ್ ಇದೆ ಅಂದುಕೊಳ್ಳಿ. ನಮ್ಮ ಕರಾವಳಿಯ ಮೊನಜೈಟಿನಲ್ಲಿ ಥೋರಿಯಂ ಆಕ್ಸೈಡ್ ಶೇ. 9ರ ಸುಮಾರು. ಹಾಗಾಗಿ 0.9 ಗ್ರಾಂ ಆಕ್ಸೈಡ್, ಅದರಲ್ಲಿ ಥೋರಿಯಂ 0.79 ಗ್ರಾಂ. ಒಂದು ಗ್ರಾಂ ಥೋರಿಯಂನಲ್ಲಿ ಸೆಕೆಂಡಿಗೆ 4,060 ಪರಮಾಣುಗಳು ಒಡೆಯುತ್ತವೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಅಲ್ಲಿಗೆ ನಮ್ಮ ಒಂದು ಕಿಲೋ ಮರಳು ಸುಮಾರು 3,200 ಬೆಕೆರೆಲ್. ಪ್ರಪಂಚದ ಮಣ್ಣಿನ ಸರಾಸರಿ ಕಿಲೋಗೆ 45 ಬೆಕೆರೆಲ್ ಥೋರಿಯಂ.

ಕಿಲೋಗೆ 1 ಬೆಕೆರೆಲ್ ಥೋರಿಯಂ (ಅದು ಒಡೆಯುತ್ತ ಹೋದಂತೆ ಹುಟ್ಟುವ ಧಾತುಗಳ ಸಂತತಿಯೆಲ್ಲ ಜೊತೆಗಿದ್ದು) ಇರುವ ಬಯಲಿನಲ್ಲಿ, ನೆಲದಿಂದ 1 ಮೀಟರ್ ಎತ್ತರದಲ್ಲಿ ಗಂಟೆಗೆ 0.604 ನ್ಯಾನೋಗ್ರೇ ಗಾಮಾ ಡೋಸ್ ಸಿಗುತ್ತದೆ (ಗ್ರೇ ಅಂದರೆ ಒಂದು ಕಿಲೋ ವಸ್ತು ಹೀರಿಕೊಂಡ ವಿಕಿರಣ ಶಕ್ತಿಯ ಅಳತೆ). 3,200ಕ್ಕೆ ಗುಣಿಸಿದರೆ ಗಂಟೆಗೆ 1.9 ಮೈಕ್ರೋಗ್ರೇ. ವರ್ಷದ 8,760 ಗಂಟೆಯೂ ಅಲ್ಲೇ ನಿಂತಿದ್ದರೆ 17 ಮಿಲಿಗ್ರೇ. ಶೇ. 4ರಷ್ಟು ಮೊನಜೈಟ್ ಇದ್ದರೆ 70ರ ಹತ್ತಿರ. ಅಧ್ಯಯನದವರು ಕರಾವಳಿಯ ಕೆಲವು ಜಾಗಗಳಲ್ಲಿ ವರ್ಷಕ್ಕೆ 70 ಮಿಲಿಗ್ರೇವರೆಗೆ ಅಳೆದದ್ದೂ, ಕರಾವಳಿ ಪಂಚಾಯ್ತಿಗಳಲ್ಲಿ ಮನೆಗಳ ಹೊರಗಿನ ಮಧ್ಯಾಂಕ (ಅರ್ಧ ಮನೆಗಳಲ್ಲಿ ಅದಕ್ಕಿಂತ ಹೆಚ್ಚು, ಅರ್ಧದಲ್ಲಿ ಕಡಿಮೆ) 4 ಮಿಲಿಗ್ರೇಗಿಂತ ಹೆಚ್ಚು ಬಂದದ್ದೂ ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತವೆ. ಬೇರೆ ಕಡೆ ನೆಲದಿಂದ ಬರುವುದು ಸರಾಸರಿ 0.5 ಮಿಲಿಗ್ರೇ. ಪತ್ರಿಕೆಗಳು ಆ 70ನ್ನೇ ಹಿಡಿದು ‘ಅಲ್ಲಿನ ಜನರಿಗೆ 70’ ಎಂದು ಬರೆಯುತ್ತವೆ. ಅದು ಜನರ ಡೋಸ್ ಅಲ್ಲ, ವಿಕಿರಣ ಅತ್ಯಂತ ಹೆಚ್ಚಿರುವ ಜಾಗದ ಗಾಳಿಯ ಡೋಸ್. ಮೊನಜೈಟ್ ಪಟ್ಟೆಪಟ್ಟೆಯಾಗಿ ಕೂತಿರುತ್ತದೆ. ಹತ್ತು ಮಾರು ಆಚೆಗೆ ಸರಿದರೆ ಅಂಕಿ ಅರ್ಧಕ್ಕಿಳಿಯಬಹುದು, ಮಳೆಗಾಲದ ಅಲೆ ಹೊಸ ಪದರ ತಂದು ಹಾಕಿದರೆ ಏರಬಹುದು.

ಆದ್ದರಿಂದಲೇ ಇಂಥ ಕಡೆ ‘ಪಂಚಾಯ್ತಿಯ ಸರಾಸರಿ ವಿಕಿರಣ’ವನ್ನು ‘ಪಂಚಾಯ್ತಿಯ ಕ್ಯಾನ್ಸರ್ ಪ್ರಮಾಣ’ದ ಪಕ್ಕದಲ್ಲಿಟ್ಟು ನೋಡುವುದರಿಂದ ಏನೂ ಸಿಗುವುದಿಲ್ಲ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಮಾಡಿದ ಕೆಲಸಕ್ಕೆ ತೂಕ ಬಂದದ್ದು ಈ ತಪ್ಪು ಮಾಡದೇ ಇದ್ದುದರಿಂದ. 1990ರಲ್ಲಿ ತಾಲ್ಲೂಕಿಗೇ ಒಂದು ಕ್ಯಾನ್ಸರ್ ನೋಂದಣಿ ಶುರುವಾಯಿತು. ತಾಲ್ಲೂಕಿನ 3,85,103 ಜನರ ಪಟ್ಟಿಯಾಯಿತು: ವಯಸ್ಸು, ಓದು, ಕಸುಬು, ಬೀಡಿ, ತಂಬಾಕು ಎಲ್ಲ ಸೇರಿ. ಗಾಮಾ ಅಳೆಯುವ ಸಿಂಟಿಲೋಮೀಟರ್ ಹಿಡಿದು 70,000ಕ್ಕೂ ಹೆಚ್ಚು ಮನೆಗಳ ಒಳಗೆ ಮತ್ತು ಹೊರಗೆ ಅಳೆದರು. ಯಾವ ವಯಸ್ಸಿನ ಗಂಡಸು, ಯಾವ ವಯಸ್ಸಿನ ಹೆಂಗಸು ದಿನಕ್ಕೆ ಎಷ್ಟು ಹೊತ್ತು ಮನೆಯೊಳಗಿರುತ್ತಾರೆ ಎಂಬುದನ್ನು ಸೇರಿಸಿ ಒಬ್ಬೊಬ್ಬರ ಒಟ್ಟು ಡೋಸ್ ಕಟ್ಟಿದರು.

ಆ ಕೊನೆಯ ಹೆಜ್ಜೆ ಸಣ್ಣದಲ್ಲ. ಮೀನು ಹಿಡಿಯಲು ಹೋದವನಿಗೆ ಸಮುದ್ರದ ಮೇಲೆ ನೆಲದ ಗಾಮಾ ಇಲ್ಲವೇ ಇಲ್ಲ ಎನ್ನಬಹುದು. ಕೆಳಗಿನ ನೀರು ತಡೆಯುತ್ತದೆ, ಉಳಿಯುವುದು ಆಕಾಶದ ಪಾಲು ಮಾತ್ರ. ಅವನ ಹೆಂಡತಿ ಅದೇ ಹೊತ್ತಿನಲ್ಲಿ ಅಂಗಳದಲ್ಲಿ ಮೀನು ಒಣಗಿಸುತ್ತ ಕೂತಿದ್ದರೆ ಅವಳ ಡೋಸೇ ಬೇರೆ. ಸಿಮೆಂಟ್ ನೆಲ ಹಾಕಿದ ಮನೆಯೊಳಗೂ ಹೊರಗೂ ವ್ಯತ್ಯಾಸ ಬರುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ದೌರ್ಬಲ್ಯ ಉಳಿಯುತ್ತದೆ: ಅಳೆದದ್ದು ಇವತ್ತಿನ ಮನೆಯನ್ನು, ಬೇಕಾದದ್ದು ಹುಟ್ಟಿದಾಗಿನಿಂದ ಬಿದ್ದ ಡೋಸ್. ಮದುವೆಯಾಗಿ ಬಂದವರು, ಗಲ್ಫಿಗೆ ಹೋಗಿ ಹತ್ತು ವರ್ಷ ಇದ್ದು ಬಂದವರು, ಹಳೆ ಗುಡಿಸಲು ಕೆಡವಿ ಹೊರಗಿನ ಮಣ್ಣು ತುಂಬಿಸಿ ಕಟ್ಟಿಸಿದವರು, ಇವರೆಲ್ಲರ ಡೋಸಿನಲ್ಲಿ ತಪ್ಪು ನುಸುಳುತ್ತದೆ. ಡೋಸಿನಲ್ಲಿ ಗೊತ್ತುಗುರಿಯಿಲ್ಲದ ತಪ್ಪು ಸೇರಿದಾಗ ಇರುವ ಸಂಬಂಧವೂ ಸಾಮಾನ್ಯವಾಗಿ ಮಸುಕಾಗಿ ಕಾಣುತ್ತದೆ, ಸೊನ್ನೆಯ ಕಡೆಗೆ ಜಾರುತ್ತದೆ. ಇದನ್ನು ನೆನಪಿಟ್ಟುಕೊಂಡೇ ಫಲಿತಾಂಶ ಓದಬೇಕು.

ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ವಿಕಿರಣದ ಮಟ್ಟ ನೋಡಿ ಆರಿಸಿದ 1,73,067 ಜನರ ಗುಂಪಿನಲ್ಲಿ 30ರಿಂದ 84 ವಯಸ್ಸಿನವರು 69,958. ಅವರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿದಾಗ 2005ರ ಕೊನೆಯವರೆಗೆ 1,379 ಕ್ಯಾನ್ಸರ್ ಸಿಕ್ಕವು. ಅದರಲ್ಲಿ ರಕ್ತದ ಕ್ಯಾನ್ಸರ್ 30. ಅದನ್ನು ಬಿಟ್ಟು ಉಳಿದ ಕ್ಯಾನ್ಸರ್‌ಗಳಿಗೆ ಕಟ್ಟಿದ ಹೆಚ್ಚುವರಿ ಅಪಾಯ ಪ್ರತಿ ಗ್ರೇಗೆ -0.13. ಶೇ. 95ರ ಭರವಸೆಯ ಅಂತರ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) -0.58ರಿಂದ +0.46.

ಇಲ್ಲಿ ನಿಧಾನ ಮಾಡಬೇಕು. -0.13 ಅಂದರೆ ಒಂದು ಗ್ರೇ ಬಿದ್ದವರಲ್ಲಿ ಕ್ಯಾನ್ಸರ್ ಶೇ. 13 ಕಡಿಮೆ ಎಂಬ ಅಂದಾಜು. ‘ನೋಡಿ, ವಿಕಿರಣ ಕ್ಯಾನ್ಸರ್ ತಡೆಯುತ್ತದೆ’ ಎಂದು ಹಬ್ಬಿಸುವವರು ನಿಲ್ಲಿಸುವುದು ಈ ಮೈನಸ್ ಗುರುತಿನಲ್ಲೇ. ಆದರೆ ಅಂತರ ಸೊನ್ನೆಯ ಎರಡೂ ಕಡೆ ಚಾಚಿಕೊಂಡಿದೆ. ಶೇ. 58 ಕಡಿಮೆಯಿಂದ ಶೇ. 46 ಹೆಚ್ಚಿನವರೆಗೆ ಯಾವುದಾದರೂ ಈ ಅಂಕಿಗಳಿಗೆ ಹೊಂದುತ್ತದೆ. ಹಿರೋಶಿಮಾ-ನಾಗಸಾಕಿಯಲ್ಲಿ ಬದುಕುಳಿದವರ ಅಧ್ಯಯನದಲ್ಲಿ ಗಡ್ಡೆ ಕ್ಯಾನ್ಸರ್‌ಗಳಿಗೆ ಬಂದ ಅಂದಾಜು ಪ್ರತಿ ಗ್ರೇಗೆ 0.47ರ ಸುಮಾರು, 30ನೇ ವಯಸ್ಸಿನಲ್ಲಿ ಡೋಸ್ ಬಿದ್ದು 70 ಮುಟ್ಟಿದವರ ಲೆಕ್ಕದಲ್ಲಿ. ಅಲ್ಲಿ ಡೋಸ್ ಒಂದೇ ಕ್ಷಣದಲ್ಲಿ ಬಿದ್ದದ್ದು. ಫ್ರಾನ್ಸ್, ಬ್ರಿಟನ್, ಅಮೆರಿಕದ ಅಣು ಕಾರ್ಮಿಕರು ಮೂರು ಲಕ್ಷಕ್ಕೂ ಹೆಚ್ಚು ಜನ. ಅವರಿಗೆ ಕರುನಾಗಪ್ಪಳ್ಳಿಯವರ ಹಾಗೆ ವರ್ಷಗಟ್ಟಲೆ ಹನಿಹನಿಯಾಗಿ ಬಿದ್ದದ್ದು. ಅವರಲ್ಲಿ ಗಡ್ಡೆ ಕ್ಯಾನ್ಸರ್ ಸಾವಿಗೆ 2023ರಲ್ಲಿ ಬಂದ ಅಂಕಿ 0.52, ಶೇ. 90ರ ಅಂತರ 0.27ರಿಂದ 0.77. ಕೇರಳದ ಅಂತರದ ಮೇಲಿನ ತುದಿ 0.46. ಕಾರ್ಮಿಕರ ಅಂತರದ ಕೆಳಗಿನ ಭಾಗ, 0.27ರಿಂದ 0.46ರವರೆಗೆ, ಅದರೊಳಗೇ ಬೀಳುತ್ತದೆ. ಇವೆರಡೂ ಒಂದಕ್ಕೊಂದು ವಿರುದ್ಧ ಎಂದು ಹೇಳುವುದಕ್ಕೆ ಆಗುವುದಿಲ್ಲ.

ಹಾಗಾದರೆ ಕೇರಳದ ಅಧ್ಯಯನ ಹೇಳಿದ್ದಾದರೂ ಏನು? ಸಣ್ಣ ಡೋಸಿನ ಅಪಾಯ ನಾವು ಈಗ ಅಂದುಕೊಂಡಿರುವುದಕ್ಕಿಂತ ತುಂಬ ದೊಡ್ಡದಿರುವ ಸಾಧ್ಯತೆ ಕಡಿಮೆ. ಅಷ್ಟೇ. ಅಧ್ಯಯನದವರೇ ಇಷ್ಟನ್ನೇ ಬರೆದಿದ್ದಾರೆ, ತಮ್ಮ ಅಂಕಿಗಳ ಶಕ್ತಿ ಸಾಲದೆ ಇರಬಹುದು ಎಂದೂ ಸೇರಿಸಿದ್ದಾರೆ. ನನ್ನ ಮಟ್ಟಿಗೆ ಇದು ದೊಡ್ಡ ಮಾತೇ. ‘ಹತ್ತು ಪಟ್ಟು ಅಪಾಯ ಮುಚ್ಚಿಡುತ್ತಿದ್ದಾರೆ’ ಎನ್ನುವವರ ಬಾಯಿಗೆ ಬೀಗ ಹಾಕಲು ಸಾಕು. ‘ಅಪಾಯವೇ ಇಲ್ಲ’ ಎನ್ನಲು ಸಾಲದು.

ಶಕ್ತಿ ಸಾಲದು ಎಂದರೆ ಏನು ಎಂಬುದನ್ನೂ ಅಂಕಿಯಲ್ಲೇ ನೋಡಬಹುದು. ಒಂದು ಗುಂಪಿನಲ್ಲಿ 100 ಕ್ಯಾನ್ಸರ್ ನಿರೀಕ್ಷೆಯಿದ್ದರೆ, ಯಾವ ಕಾರಣವೂ ಇಲ್ಲದೆ ಅದು 80ರಿಂದ 120ರವರೆಗೆ ಆಡುತ್ತದೆ. 100ರ ವರ್ಗಮೂಲ 10, ಅದರ ಎರಡರಷ್ಟು 20. ಈಗ 100 ಮಿಲಿಗ್ರೇ ಒಟ್ಟು ಡೋಸ್ ಪಡೆದವರಲ್ಲಿ, 0.47ರ ಲೆಕ್ಕದಲ್ಲಿ, ಹೆಚ್ಚಳ ಶೇ. 5ರ ಒಳಗೆ. ಶೇ. 5ರ ಹೆಚ್ಚಳ ಆ ಗದ್ದಲದಿಂದ ತಲೆ ಎತ್ತಬೇಕಾದರೆ ಅಷ್ಟೇ ಡೋಸಿನ ಒಂದು ಗುಂಪಿನಲ್ಲೇ 1,600 ಕ್ಯಾನ್ಸರ್ ಬೇಕು (ವರ್ಗಮೂಲ 40, ಎರಡರಷ್ಟು 80, ಅದು 1,600ರ ಶೇ. 5). ಇಡೀ ಅಧ್ಯಯನದಲ್ಲಿ ಇದ್ದದ್ದು 1,379. ಅವೂ ಐದಾರು ಡೋಸ್ ಗುಂಪುಗಳಲ್ಲಿ ಹಂಚಿಹೋಗಿದ್ದವು. ಬಹುಪಾಲು ಕಡಿಮೆ ಡೋಸಿನ ಕಡೆಯೇ. 30 ರಕ್ತದ ಕ್ಯಾನ್ಸರ್ ಇಟ್ಟುಕೊಂಡು ಆ ಕಡೆಗಾಗಲೀ ಈ ಕಡೆಗಾಗಲೀ ತೀರ್ಪು ಕೊಡುವವರನ್ನು ನಂಬಬೇಡಿ.

ಇನ್ನು ಬೀಡಿ. ಅದೇ ಊರಿನ ಗಂಡಸರ ಮೇಲೆ ಅದೇ ತಂಡ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸೇದದವರ ಸುಮಾರು 4 ಪಟ್ಟು. ಇದು ವಿಕಿರಣದ ಲೆಕ್ಕವನ್ನು ಹೇಗೆ ಕೆಡಿಸುತ್ತದೆ ನೋಡಿ. ಒಂದು ಊರಿನಲ್ಲಿ ಶೇ. 40 ಗಂಡಸರು ಬೀಡಿ ಸೇದುತ್ತಾರೆ, ಪಕ್ಕದ ಊರಿನಲ್ಲಿ ಶೇ. 45 ಎಂದುಕೊಳ್ಳಿ, ಬೇರೇನೂ ವ್ಯತ್ಯಾಸ ಇಲ್ಲ. ಮೊದಲ ಊರಿನ ಶ್ವಾಸಕೋಶ ಕ್ಯಾನ್ಸರ್ 1 + 0.40 × 3 = 2.20, ಎರಡನೆಯದರದು 1 + 0.45 × 3 = 2.35. ನೂರಕ್ಕೆ ಐದು ಬೀಡಿಗಾರರು ಹೆಚ್ಚಿದ್ದಕ್ಕೆ ಶೇ. 7ರಷ್ಟು ಏರಿಕೆ. ವಿಕಿರಣದಿಂದ ಅಷ್ಟೇ ಏರಿಕೆ ಬರಬೇಕಾದರೆ, 0.47ರ ಲೆಕ್ಕದಲ್ಲಿ, 150 ಮಿಲಿಗ್ರೇ ಬೇಕು. ಕರಾವಳಿಯಲ್ಲಿ ಬೀಡಿ ಹೆಚ್ಚೋ, ಒಳನಾಡಿನಲ್ಲಿ ಹೆಚ್ಚೋ, ದಿನಕ್ಕೆಷ್ಟು, ಯಾವ ವಯಸ್ಸಿನಿಂದ, ಇದೆಲ್ಲ ಮನೆಮನೆಗೆ ಹೋಗಿ ಕೇಳದೆ ಡೋಸ್ ಅಳೆದು ಪ್ರಯೋಜನವಿಲ್ಲ. 2009ರ ಲೆಕ್ಕದಲ್ಲಿ ಬೀಡಿಯನ್ನು ಬೇರ್ಪಡಿಸಿದ್ದಾರೆ. ಎಲೆಅಡಿಕೆ-ತಂಬಾಕಿನಿಂದ ಬಾಯಿ ಕ್ಯಾನ್ಸರ್ ಹೆಚ್ಚಿರುವ ನಾಡಿನಲ್ಲಿ ಇದನ್ನು ಬಿಟ್ಟು ಬರೆದ ಯಾವ ‘ವಿಕಿರಣ ಮತ್ತು ಕ್ಯಾನ್ಸರ್’ ವರದಿಯನ್ನೂ ಓದುವ ಅಗತ್ಯವಿಲ್ಲ.

ಕ್ಯಾನ್ಸರ್ ಬಿಟ್ಟು ಬೇರೆ ವಿಷಯಗಳಲ್ಲಿ ಚಿತ್ರ ಅಷ್ಟು ಸಪಾಟಾಗಿಲ್ಲ. 1976ರಲ್ಲಿ ಈ ಕರಾವಳಿಯಲ್ಲಿ ಡೌನ್ ಸಿಂಡ್ರೋಮ್ ಹೆಚ್ಚು ಎಂಬ ವರದಿ ಬಂತು. ಹೋಲಿಕೆಯ ಗುಂಪಿನ ಬಗ್ಗೆ ಆಗಲೇ ತಕರಾರು ಎದ್ದಿತ್ತು. ಆಮೇಲೆ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೊಲ್ಲಂನಲ್ಲಿ ಪ್ರಯೋಗಾಲಯ ಇಟ್ಟುಕೊಂಡು ಸಾವಿರಾರು ನವಜಾತ ಶಿಶುಗಳ ವರ್ಣತಂತು ನೋಡಿದರು, ಹುಟ್ಟುವಾಗಿನ ಅಂಗವೈಕಲ್ಯಗಳನ್ನು ಎಣಿಸಿದರು. ಹೆಚ್ಚು ವಿಕಿರಣದ ಕಡೆ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಆದರೆ 2002ರಲ್ಲಿ 248 ಕುಟುಂಬಗಳ 988 ಜನರ ಮೈಟೊಕಾಂಡ್ರಿಯಾ ಡಿಎನ್‌ಎ ಓದಿದವರಿಗೆ ತಾಯಿಯಿಂದ ಮಕ್ಕಳಿಗೆ ದಾಟುವ ಬದಲಾವಣೆಗಳು ವಿಕಿರಣದ ಪಟ್ಟಿಯಲ್ಲಿ ಹೆಚ್ಚು ಕಂಡವು. ಬದಲಾವಣೆ ಬೇರೆ, ಕಾಯಿಲೆ ಬೇರೆ. ಚೀನಾದ ಯಾಂಗ್‌ಜಿಯಾಂಗ್‌ನಲ್ಲೂ ಕಾರಣ ಮೊನಜೈಟೇ, ಅಲ್ಲೂ ಕ್ಯಾನ್ಸರ್ ಸಾವು ಹೆಚ್ಚಿದ್ದು ಕಂಡಿಲ್ಲ. ಇರಾನಿನ ರಾಮ್‌ಸರ್‌ನಲ್ಲಿ ಬಿಸಿನೀರಿನ ಬುಗ್ಗೆಗಳು ತಂದುಹಾಕಿದ ರೇಡಿಯಂನಿಂದ ಕೆಲವು ಮನೆಗಳಲ್ಲಿ ಕೇರಳಕ್ಕಿಂತಲೂ ಎಷ್ಟೋ ಹೆಚ್ಚು ಡೋಸ್ ಇದೆ. ಅಲ್ಲಿರುವ ಜನ ಮಾತ್ರ ಕಡಿಮೆ. ಮೇಲಿನ 1,600ರ ಲೆಕ್ಕ ನೆನಪಿದ್ದರೆ ಅದರಿಂದ ಯಾಕೆ ಏನೂ ಹೇಳಲಾಗದು ಎಂಬುದು ಗೊತ್ತಾಗುತ್ತದೆ.

ಮೀಟರ್ ಕೊಂಡು ತಾವೇ ಅಳೆಯುವವರು ಈಗ ಬಹಳ. ಅವರಿಗೆ ನಾಲ್ಕು ಮಾತು. ನೆಲದಿಂದ 1 ಮೀಟರ್ ಎತ್ತರದಲ್ಲಿ ಹಿಡಿಯಿರಿ. ಮರಳಿಗೆ ತಾಗಿಸಿ ಹಿಡಿದರೆ ತೆಳು ಕಿಟಕಿಯ ಗೀಗರ್ ಟ್ಯೂಬಿನೊಳಕ್ಕೆ ಬೀಟಾ ಕಣಗಳೂ ಹೋಗಿ ಅಂಕಿ ಉಬ್ಬುತ್ತದೆ, ಅದು ಮೈಗೆ ಬೀಳುವ ಡೋಸ್ ಅಲ್ಲ. ಅಗ್ಗದ ಮೀಟರನ್ನು ಸಾಮಾನ್ಯವಾಗಿ ಸೀಸಿಯಂ-137ರ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಗಾಮಾಕ್ಕೆ ಹೊಂದಿಸಿರುತ್ತಾರೆ. ಥೋರಿಯಂ ಸಂತತಿಯ ಗಾಮಾ 2,614ರವರೆಗೆ ಹೋಗುತ್ತದೆ, ಚದುರಿ ಬಂದ ಸಣ್ಣ ಶಕ್ತಿಯ ಗಾಮಾ ಕೂಡ ಬೇಕಾದಷ್ಟಿರುತ್ತದೆ. ಆದ್ದರಿಂದ ತೋರಿಸಿದ್ದನ್ನು ಅಂದಾಜು ಎಂದೇ ತಿಳಿಯಿರಿ. ತೆರೆಯ ಮೇಲೆ ಓಡುವ ಅಂಕಿ ನೋಡಬೇಡಿ, ಎಣಿಕೆ ಕೂಡಿಸಿ: 100 ಎಣಿಕೆಗೆ ತಪ್ಪು ಶೇ. 10, 400ಕ್ಕೆ ಶೇ. 5. ಹಳೆಯ ಉಪಕರಣಗಳು ಗಂಟೆಗೆ ಮೈಕ್ರೋರಾಂಟ್ಜೆನ್ ತೋರಿಸುತ್ತವೆ. 100 ಮೈಕ್ರೋರಾಂಟ್ಜೆನ್ ಅಂದರೆ 0.87 ಮೈಕ್ರೋಗ್ರೇ, ವರ್ಷಕ್ಕೆ 7.6 ಮಿಲಿಗ್ರೇ. ಗಾಳಿಯ ಗ್ರೇಯನ್ನು ದೊಡ್ಡವರ ಮೈಯ ಸೀವರ್ಟ್‌ಗೆ (ಮೈಗೆ ಆಗಬಹುದಾದ ಹಾನಿಯ ಅಳತೆ) ತರಲು 0.7ರಿಂದ ಗುಣಿಸಿ. ಮಿಲಿ, ಮೈಕ್ರೋ ಅದಲುಬದಲಾಗಿ ಸಾವಿರ ಪಟ್ಟು ಗಾಬರಿ ಹುಟ್ಟಿಸಿದ ಸುದ್ದಿಗಳಿಗೆ ಲೆಕ್ಕವಿಲ್ಲ.

ಗಾಮಾ ಬಗ್ಗೆ ಇಷ್ಟೆಲ್ಲ ಬರೆದರೂ, ನೈಸರ್ಗಿಕ ವಿಕಿರಣದಲ್ಲಿ ಕ್ಯಾನ್ಸರಿನ ಸಂಬಂಧ ಗಟ್ಟಿಯಾಗಿ ಸಾಬೀತಾಗಿರುವುದು ನೆಲದ ಗಾಮಾದಿಂದಲ್ಲ, ನೆಲದಿಂದ ಹೊರಟು ಉಸಿರಿನಲ್ಲಿ ಹೋಗುವ ರೇಡಾನ್ ಎಂಬ ವಿಕಿರಣ ಅನಿಲದಿಂದ. ಒಬ್ಬರಿಗೆ ವರ್ಷಕ್ಕೆ ಬೀಳುವ ನೈಸರ್ಗಿಕ ವಿಕಿರಣದ ಪ್ರಪಂಚದ ಸರಾಸರಿ 2.4 ಮಿಲಿಸೀವರ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇದರದ್ದೇ. ಯುರೋಪಿನ 13 ಅಧ್ಯಯನಗಳನ್ನು ಕೂಡಿಸಿ 2005ರಲ್ಲಿ ಲೆಕ್ಕ ಹಾಕಿದಾಗ ಘನ ಮೀಟರಿಗೆ 100 ಬೆಕೆರೆಲ್ ಹೆಚ್ಚಿದಂತೆಲ್ಲ ಶ್ವಾಸಕೋಶದ ಕ್ಯಾನ್ಸರ್ ಶೇ. 16 ಏರಿತ್ತು, ಧೂಮಪಾನದ ಲೆಕ್ಕ ಬಿಡಿಸಿ, ರೇಡಾನ್ ಅಳತೆಯಲ್ಲಿನ ತಪ್ಪನ್ನೂ ಸರಿದೂಗಿಸಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗೆ 100 ಇರಲಿ, ಆಗದಿದ್ದರೆ 300 ಮೀರದಿರಲಿ ಎನ್ನುತ್ತದೆ. ಕಿಟಕಿ ತೆರೆದಿಡುವ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಅಷ್ಟಕ್ಕೆ ಹೋಗುವುದಿಲ್ಲ. ಎಸಿ ಹಾಕಿ ಮುಚ್ಚಿದ ನೆಲಮಾಳಿಗೆಯ ಕಥೆ ಬೇರೆ. ಅಳೆಯಲು ಗೋಡೆಯಿಂದ ಒಂದಡಿಗಿಂತ ದೂರ, ವಿಕಿರಣ ಕಣಗಳ ಗುರುತು ಮೂಡುವ ಫಿಲ್ಮ್ ತೂಗುಹಾಕಿ ಮೂರು ತಿಂಗಳು ಬಿಡಬೇಕು. ಥೋರಿಯಂ ಮರಳಿನ ಊರಲ್ಲಂತೂ ದೂರ ಕಡ್ಡಾಯ: ಥೋರಿಯಂನಿಂದ ಹುಟ್ಟುವ ಥೋರಾನ್ ಅನಿಲದ ಅರ್ಧಾಯುಷ್ಯ 55.6 ಸೆಕೆಂಡ್ ಮಾತ್ರ, ಗೋಡೆಯಿಂದ ಹೊರಟದ್ದು ಕೋಣೆಯ ನಡುವಿಗೆ ಬರುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಗೋಡೆಗೆ ಅಂಟಿಸಿದ ಫಿಲ್ಮ್ ಅದನ್ನೂ ರೇಡಾನ್ ಎಂದೇ ಎಣಿಸುತ್ತದೆ.

ನಮ್ಮ ಕಡೆಗೆ ಬಂದರೆ, ಉಳ್ಳಾಲದ ಕಡಲತೀರದಲ್ಲೂ ಮೊನಜೈಟ್ ಮರಳಿನ ಪಟ್ಟೆ ಇದೆ. ಮಂಗಳೂರು ವಿಶ್ವವಿದ್ಯಾಲಯದವರು 1993ರಲ್ಲೇ ಅದನ್ನು ನೈರುತ್ಯ ಕರಾವಳಿಯ ಹೊಸ ಹಿನ್ನೆಲೆ ವಿಕಿರಣ ಪ್ರದೇಶ ಎಂದು ಪ್ರಕಟಿಸಿದರು. ಅದು ತೀರದ ಒಂದು ಚೂರು. ಕರುನಾಗಪ್ಪಳ್ಳಿಯಂತೆ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಮನೆಗಳ ಕೆಳಗೆ ಹಾಸಿಕೊಂಡದ್ದಲ್ಲ. ಅಲ್ಲಿ ಕ್ಯಾನ್ಸರ್ ಹುಡುಕಿದರೂ ಅಂಕಿಗಳಿಂದ ಏನೂ ಹೊರಡದು.

ಬಯಲುಸೀಮೆಯವರು ಕೇಳಬೇಕಾದ ಪ್ರಶ್ನೆ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಯುರೇನಿಯಂ ಮಿತಿ ಮೀರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ಅಣುಶಕ್ತಿ ನಿಯಂತ್ರಣ ಮಂಡಳಿಯದು 60. ಯುರೇನಿಯಂ ಎಂದ ಕೂಡಲೇ ಕ್ಯಾನ್ಸರ್ ಎನ್ನುತ್ತಾರೆ. ಅದರದ್ದೂ ಲೆಕ್ಕ ಹಾಕಿ: 60 ಮೈಕ್ರೋಗ್ರಾಂ ಅಂದರೆ ಲೀಟರಿಗೆ 1.5 ಬೆಕೆರೆಲ್. ದಿನಕ್ಕೆ 2 ಲೀಟರ್ ಕುಡಿದರೆ ವರ್ಷಕ್ಕೆ 1,100 ಬೆಕೆರೆಲ್, ಡೋಸ್ ಸುಮಾರು 0.05 ಮಿಲಿಸೀವರ್ಟ್. ಹೇಗೂ ಬೀಳುತ್ತಿರುವ 2.4ರ ಮುಂದೆ ಅದು ಲೆಕ್ಕಕ್ಕಿಲ್ಲ. ಇಲ್ಲಿ ಹೆದರಬೇಕಾದದ್ದು ವಿಕಿರಣಕ್ಕಲ್ಲ, ಭಾರಲೋಹಕ್ಕೆ. ಏಟು ಬೀಳುವುದು ಮೂತ್ರಪಿಂಡಕ್ಕೆ. ಆದ್ದರಿಂದ ಗೀಗರ್ ಮೀಟರನ್ನು ನೀರಿನ ಕೊಡದ ಮುಂದೆ ಹಿಡಿದು ‘ಏನೂ ಇಲ್ಲ’ ಎಂದು ಸಮಾಧಾನಪಟ್ಟರೆ ಕೆಟ್ಟಿತು, ಅದಕ್ಕೆ ಗೊತ್ತಾಗುವುದೇ ಇಲ್ಲ. ನೀರನ್ನು ಪ್ರಯೋಗಾಲಯಕ್ಕೇ ಕಳಿಸಬೇಕು. ಕಾಯಿಸಿದರೆ ನೀರಿನಲ್ಲಿರುವ ರೇಡಾನ್ ಹಾರಿಹೋಗುತ್ತದೆ, ಯುರೇನಿಯಂ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಆರ್‌ಓ ಯಂತ್ರ ಅದರ ಬಹುಪಾಲನ್ನು ತೆಗೆಯುತ್ತದೆ. ತೆಗೆದದ್ದೆಲ್ಲ ವೇಸ್ಟ್ ಪೈಪಿನ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಹೊರಬರುತ್ತದೆ, ಆ ನೀರನ್ನು ಅಡುಗೆಗಾಗಲೀ ದನಕ್ಕಾಗಲೀ ಇಡಬೇಡಿ.